ಕವಿಗೋಷ್ಠಿಯಲ್ಲಿ ಬರೆದುಕೊಳ್ಳುತ್ತಿದ್ದವನು

ನಾಗಮಂಗಲದಿಂದ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರನಾಗಿದ್ದ ಕಾಲದ ಮಾತು ಇದು. ಕಾವೇರಿ ಗಲಾಟೆ ತಣ್ಣಗಾಗಿ ಕೆಲವು ತಿಂಗಳಷ್ಟೇ ಕಳೆದಿದ್ದವು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಕವನ ಬರೆಯುವ ಹುಚ್ಚಿದ್ದ ಹದಿನೈದು ಇಪ್ಪತ್ತು ಜನ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೆವು. ತಿಂಗಳಿಗೊಂದು ಭಾನುವಾರ ಸರದಿಯ ಮೇಲೆ ಒಂದೊಂದು ಊರಿನಲ್ಲಿ ಕೂಡುವುದು, ತಂದದ್ದನ್ನು ಓದುವುದು, ಮಧ್ಯಾಹ್ನ ಚಿತ್ರಾನ್ನ ತಿಂದು ಒಬ್ಬರ ಕವನವನ್ನು ಇನ್ನೊಬ್ಬರು ಹೊಗಳಿ ಬಸ್ಸು ಹತ್ತುವುದು. ಕಾಲೇಜಿನ ಕನ್ನಡ ಮೇಷ್ಟ್ರೊಬ್ಬರು ನಮ್ಮ ಸಂಚಾಲಕರು. ಅವರ ಬಲಗೈಯಂತೆ ಇದ್ದವರು ಕೆ.ಆರ್. ಪೇಟೆ ಕಡೆಯ ಒಬ್ಬ ರೈತರು. ಸ್ವಂತ ಆಲೆಮನೆ ಇದ್ದದ್ದರಿಂದ ಎಲ್ಲರೂ ಅವರನ್ನು ಆಲೆಮನೆ ಯಜಮಾನರು ಎನ್ನುತ್ತಿದ್ದರು. ಚೌಪದಿ ಬರೆಯುತ್ತಿದ್ದರು. ಕೂಗಿ ಓದುತ್ತಿದ್ದರು.

ಆ ಸಲ ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಹತ್ತಿರದ ಒಂದು ಶಾಲೆಯಲ್ಲಿ ಸೇರಿದ್ದೆವು. ನಾನು ಓದಿದ ಕವನ ನಾಲೆಯ ತೂಬಿನ ಮೇಲಿತ್ತು. ಗದ್ದೆ ಒಣಗುತ್ತಿರುವಾಗ ತೂಬಿಗೆ ಬೀಗ ಹಾಕಿದ್ದನ್ನು ನಮ್ಮ ಹಳ್ಳಿಯಲ್ಲಿ ನೋಡಿ ಬರೆದದ್ದು. 'ತೂಬಿಗೊಂದು ಬೀಗ, ಬೀಗಕ್ಕೊಂದು ಕೈ, ಆ ಕೈ ಯಾರ ಕೈಲಿ?' ಎಂದು ಶುರುವಾಗುತ್ತಿತ್ತು. ಮುಂದೆ ಏನಿತ್ತು ಎಂಬುದು ಈಗ ನನಗೂ ಸರಿಯಾಗಿ ಗೊತ್ತಿಲ್ಲ. ನಮ್ಮಲ್ಲಿನ ರೂಢಿಯಂತೆ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ಚೆನ್ನಾಗಿ ಚಪ್ಪಾಳೆ ಬಿತ್ತು.

ಚಪ್ಪಾಳೆ ತಟ್ಟದೆ ಕುಳಿತಿದ್ದವನು ಒಬ್ಬನೇ. ಕೊನೆಯ ಬೆಂಚು, ತೋಳು ಮಡಿಸಿದ ಬಿಳಿ ಅಂಗಿ, ಮೂವತ್ತರ ಒಳಗಿನ ವಯಸ್ಸು. ತೊಡೆಯ ಮೇಲೆ ಉದ್ದನೆಯ ಪುಸ್ತಕ, ಕೈಯಲ್ಲಿ ಸಣ್ಣಗೆ ಕೆತ್ತಿದ ಪೆನ್ಸಿಲ್ಲು. ನಾವು ಬಾಯಿ ಬಿಟ್ಟಾಗ ಬರೆಯುತ್ತಿದ್ದ, ಬಾಯಿ ಮುಚ್ಚಿದಾಗ ನಿಲ್ಲಿಸುತ್ತಿದ್ದ. ಊಟಕ್ಕೆ ಕರೆದರೆ ಬಂದ. ಯಾವೂರು ಎಂದು ಕೇಳಿದ್ದಕ್ಕೆ "ಇಲ್ಲೇ ಪಾಂಡವಪುರದ ತಾವ ಒಂದ್ ಹಳ್ಳಿ ಸಾ" ಎಂದು ಎಲೆಯ ಕಡೆ ಬಗ್ಗಿದ. ನಾನು ಅಷ್ಟಕ್ಕೆ ಬಿಟ್ಟೆ.

ಮುಂದಿನ ತಿಂಗಳು ಪಾಂಡವಪುರದಲ್ಲೂ ಅವನಿದ್ದ. ಅಂದು ಮೇಷ್ಟ್ರು ನನ್ನನ್ನು ಜಗಲಿಗೆ ಕರೆದು ದನಿ ತಗ್ಗಿಸಿ ಹೇಳಿದರು: "ಹಿಂದೆ ಕೂತಿದಾನಲ್ಲ, ನೋಡಿದ್ರಾ? ಕವನ ಓದೋನಲ್ಲ, ಕೇಳೋನೂ ಅಲ್ಲ. ಪ್ರತಿಯೊಂದು ಮಾತೂ ಬರ್ಕೊಳ್ತಾನೆ. ನನಗೇನೋ ಗುಪ್ತಚರ ಇಲಾಖೆಯವನು ಅನ್ನಿಸುತ್ತೆ."

"ನಮ್ಮ ಕವನ ಕೇಳಕ್ಕೆ ಪೊಲೀಸ್ನೋರು ಬತ್ತಾರಾ ಮೇಷ್ಟ್ರೆ?" ಎಂದು ನಕ್ಕೆ.

ಅವರು ನಗಲಿಲ್ಲ. "ಗಲಾಟೆ ಆದ್ಮೇಲೆ ಎಷ್ಟು ಜನರನ್ನ ಸ್ಟೇಷನ್ನಿಗೆ ಕರೆಸಿ ಕೂರಿಸಿದ್ರು ಗೊತ್ತಲ್ಲ? ನಿಮ್ಮ ಕವನದಲ್ಲಿ ಕೈ ಕೈ ಅಂತ ಹತ್ತು ಸಲ ಬರುತ್ತೆ. ಕೈ ಅಂದ್ರೆ ಆಳೋ ಪಕ್ಷದ ಗುರುತು. ಅದು ಅವರಿಗೆ ತಿಳಿಯೋದಿಲ್ವೆ?"

ನಾನು ಬರೆದದ್ದು ಬೀಗದ ಕೈ. ಪಕ್ಷ, ಗುರುತು ಯಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ಆದರೆ ಮೇಷ್ಟ್ರು ಹೇಳಿದ ಮೇಲೆ ಆ ಸಾಲುಗಳನ್ನು ಬೇರೆ ಹೇಗೂ ಓದಲು ಆಗಲಿಲ್ಲ. ಒಳಗೆ ಹೋಗಿ ನೋಡಿದರೆ ಅವನು ಪೆನ್ಸಿಲ್ಲನ್ನು ಬ್ಲೇಡಿನಿಂದ ಕೆತ್ತುತ್ತಿದ್ದ. ತಲೆಯೆತ್ತಿ ನನ್ನನ್ನೇ ನೋಡಿದ ಹಾಗಾಯಿತು.

ನನ್ನ ಕೆಲಸ ಕಾಯಂ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಗೆ ಬಂದವನೇ ಕವನದ ಹಾಳೆ ಹುಡುಕಿದೆ. ನಾನು ಬರೆಯುತ್ತಿದ್ದದ್ದು ಹಳೆಯ ಲೆಡ್ಜರಿನ ಹಿಂಬದಿಯಲ್ಲಿ, ಒಂದೇ ಪ್ರತಿ. ಅದನ್ನು ನಾಲ್ಕು ಚೂರು ಮಾಡಿ ಬಚ್ಚಲ ಒಲೆಗೆ ಹಾಕಿದೆ. ನೀರು ಕಾಯಿಸುತ್ತಿದ್ದ ಹೆಂಡತಿ ಕೇಳಿದಳು: "ಮೊನ್ನೆ ನಂಗೆ ಓದಿ ಏಳುದ್ರಲ್ಲ, ಅದೇ ಅಲ್ವಾ?"

"ಅದೇ. ಯಾರಾನ ಕೇಳುದ್ರೆ ನಮ್ಮನೇಲಿ ಅಂತದ್ದೇನೂ ಇಲ್ಲ ಅನ್ನು."

"ಯಾರ್ ಬಂದು ಕೇಳಾರು?" ಎಂದಳು ಅವಳು. ಆ ವಾರವಿಡೀ ನನ್ನ ಬಸ್ಸಿಗೆ ತಪಾಸಣೆಯವರು ಹತ್ತಿದಾಗಲೆಲ್ಲ ಅವರು ಟಿಕೆಟ್ಟಿಗೆ ಬಂದವರಲ್ಲ, ನನಗಾಗಿಯೇ ಬಂದವರು ಅನ್ನಿಸುತ್ತಿತ್ತು.

ಡಿಪೋದಲ್ಲಿ ಪಾಂಡವಪುರದ ಸುತ್ತ ಓಡುವ ಗಾಡಿಗಳ ಕಂಡಕ್ಟರುಗಳನ್ನು ವಿಚಾರಿಸಿದೆ. ಬಿಳಿ ಅಂಗಿ, ಉದ್ದನೆ ಪುಸ್ತಕ ಎಂದ ಕೂಡಲೇ ಒಬ್ಬ ಗುರುತು ಹಿಡಿದ. "ಅವ್ನಾ? ದಿನಾ ನನ್ ಗಾಡಿಗೇ ಬತ್ತಾನೆ. ಪಾಂಡವಪುರದ ಕೋರ್ಟ್ ತಾವ ಇಳೀತಾನೆ. ಯಾರ ಜೊತೇಲೂ ಮಾತಾಡಕಿಲ್ಲ. ಯಾಕ್ಲಾ?"

"ಸುಮ್ಕೆ ಕೇಳ್ದೆ ಕಣ್ಲಾ, ಬುಡು."

ಕೋರ್ಟು ಎಂಬ ಮಾತು ಕೇಳಿ ನನಗೆ ಇದ್ದ ಅರೆ ಅನುಮಾನ ಪೂರ್ತಿಯಾಯಿತು. ಇದನ್ನು ಮೇಷ್ಟ್ರಿಗೆ ಹೇಳಿದೆ, ಮೇಷ್ಟ್ರು ಉಳಿದವರಿಗೆ ಹೇಳಿದರು. ಕೆ.ಆರ್. ಪೇಟೆಯ ಗೋಷ್ಠಿಗೆ ಬರುವ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಅಂದು ಓದಿದ ಕವನಗಳನ್ನು ನೆನೆದರೆ ಈಗ ನಗು ಬರುತ್ತದೆ. ಹದಿನಾರು ಜನ ಓದಿದರು, ಅದರಲ್ಲಿ ಬೆಳದಿಂಗಳೇ ಹೆಚ್ಚು. ಹಿಂದಿನ ತಿಂಗಳು ಮಂತ್ರಿಗಳ ಮೇಲೆ ಕಿಡಿ ಕಾರಿದ್ದ ಹೈಸ್ಕೂಲು ಮೇಷ್ಟ್ರು ಮಲ್ಲಿಗೆ ಮೊಗ್ಗಿನ ಮೇಲೆ ಇಪ್ಪತ್ತು ಸಾಲು ಓದಿದರು. ನಾನು ತಾಯಿಯ ಮಡಿಲಿನ ಮೇಲೆ ಏನೋ ಹೊಸೆದು ತಂದಿದ್ದೆ. ಅವನು ಅದನ್ನೂ ಬರೆದುಕೊಂಡ.

ಅವನ ವಿಚಾರ ಒಂದಾದರೆ, ನಮ್ಮ ನಮ್ಮಲ್ಲಿ ಇನ್ನೊಂದು ಶುರುವಾಗಿತ್ತು. ಪ್ರತಿ ಸಲ ಯಾವ ಊರು, ಯಾವ ಜಾಗ ಎಂದು ನಾವು ಕಾರ್ಡು ಬರೆದು ತಿಳಿಸುತ್ತಿದ್ದದ್ದು ಬಳಗದವರಿಗೆ ಮಾತ್ರ. ಹಾಗಾದರೆ ಅವನಿಗೆ ತಿಳಿಸುವವರು ಯಾರು? ಆಲೆಮನೆ ಯಜಮಾನರು ಒಬ್ಬೊಬ್ಬರನ್ನೇ ದಿಟ್ಟಿಸಿ ನೋಡುತ್ತ, "ನಮ್ಮೊಳ್ಗೇ ಒಬ್ಬ ಅವ್ನೆ" ಎಂದರು. ಚಿತ್ರಾನ್ನ ತಿನ್ನುವಾಗ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು.

ಅದಾಗಿ ಎರಡು ವಾರಕ್ಕೆ ನಮ್ಮ ಸಂಚಾಲಕ ಮೇಷ್ಟ್ರಿಗೆ ವರ್ಗವಾಯಿತು, ಮೈಸೂರಿಗೆ. ಸುದ್ದಿ ಕೇಳಿ ನಾವು ಕೆಲವರು ಅವರ ಮನೆಗೆ ಹೋದೆವು. ಅವರು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡು, "ಬರೆಯೋನು ಇದಕ್ಕೆಲ್ಲ ಸಿದ್ಧನಾಗಿರಬೇಕು" ಎಂದರು. ಯಾರು ಮಾಡಿಸಿದರು, ಯಾಕೆ ಎಂದು ನಾವು ಕೇಳಲಿಲ್ಲ. ನಮಗೆ ಗೊತ್ತು ಎಂದುಕೊಂಡಿದ್ದೆವು.

ಮುಂದಿನ ಗೋಷ್ಠಿ ನಾಗಮಂಗಲದ್ದು. ಹೈಸ್ಕೂಲಿನ ಕೊಠಡಿ. ಜಾಗ ಗೊತ್ತುಮಾಡಿದವನು ನಾನೇ. ಅವನು ಬಂದು ಕೊನೆಯ ಬೆಂಚಿನಲ್ಲಿ ಕುಳಿತು ಪುಸ್ತಕ ತೆರೆದ. ಮೊದಲ ಕವನ ಮುಗಿಯುವುದಕ್ಕೆ ಮುಂಚೆಯೇ ಆಲೆಮನೆ ಯಜಮಾನರು ಎದ್ದುಹೋಗಿ ಪುಸ್ತಕ ಕಿತ್ತುಕೊಂಡರು.

"ಏನ್ಲಾ ಬರ್ಕತಿದ್ದೀಯ? ಯಾರ್ ಕಳ್ಸವ್ರೆ ನಿನ್ನ?"

ಅವನು ಎದ್ದು ನಿಂತ. "ಯಾರೂ ಕಳ್ಸಿಲ್ಲ ಸಾ. ಪುಸ್ತಕ ಕೊಡಿ."

ನಾವೆಲ್ಲ ಸುತ್ತ ನಿಂತು ಪುಟ ತಿರುವಿದೆವು. ಒಂದು ಅಕ್ಷರ ಇರಲಿಲ್ಲ. ಕೊಕ್ಕೆ, ಗೆರೆ, ಚುಕ್ಕೆ. ಒಂದು ಗೆರೆ ದಪ್ಪ, ಒಂದು ತೆಳು. ಹತ್ತಾರು ಪುಟ ಅದೇ. "ಗುಪ್ತ ಲಿಪಿ!" ಎಂದರು ಮಲ್ಲಿಗೆಯ ಮೇಷ್ಟ್ರು.

"ಅಂಗಲ್ಲ ಸಾ, ಇದು ಶಾರ್ಟ್‌ಹ್ಯಾಂಡು. ಪರೀಕ್ಷೆ ಕಟ್ಟಿವ್ನಿ. ಅಭ್ಯಾಸ ಮಾಡ್ಕಳಕ್ಕೆ ಬತ್ತೀನಿ."

"ಸುಳ್ಳು ಬೊಗಳ್ಬೇಡ. ದಿಟ ಆದ್ರೆ ಓದು ನೋಡಾನ," ಎಂದು ಯಜಮಾನರು ಒಂದು ಪುಟ ತೆಗೆದು ಅವನ ಮುಖಕ್ಕೆ ಹಿಡಿದರು.

ಅವನು ಓದಿದ. ರಾಗವಿಲ್ಲ, ಏರಿಳಿತವಿಲ್ಲ, ಮಗ್ಗಿ ಒಪ್ಪಿಸುವ ಹಾಗೆ. "ತೂಬಿಗೊಂದು ಬೀಗ, ಬೀಗಕ್ಕೊಂದು ಕೈ, ಆ ಕೈ ಯಾರ ಕೈಲಿ..." ನಾನು ಸುಟ್ಟ ಕವನ. ಒಂದು ಪದ ಬಿಡದೆ ಕೊನೆಯವರೆಗೂ ಬಂತು. ನನಗೆ ಆಗ ಸಂತೋಷ ಆಗಬೇಕಿತ್ತು. ಆಗಿದ್ದು ಹೆದರಿಕೆ. ಮನೆಯಲ್ಲಿ ಸಾಕ್ಷಿ ಇಲ್ಲ ಎಂದು ನೆಮ್ಮದಿಯಾಗಿದ್ದೆ, ಇಲ್ಲಿ ಪೂರ್ತಿ ಇತ್ತು.

ಓದಿ ಮುಗಿಸಿ ಅವನು, "ಈಗ ನಂಬಿಕೆ ಬಂತಾ ಸಾ?" ಎಂದ.

"ಸಿಐಡಿಯೋರು ಬರ್ಕಳಾದೂ ಇಂಗೇ ಕಣ್ಲಾ," ಎಂದರು ಯಜಮಾನರು. ಅದಕ್ಕೆ ಯಾರೂ ಇಲ್ಲವೆನ್ನಲಿಲ್ಲ. ಯಜಮಾನರು ಪುಸ್ತಕವನ್ನು ತಮ್ಮ ಚೀಲಕ್ಕೆ ತುರುಕಿದರು. ಅವನು ಕೈ ಚಾಚಿದಾಗ ಇಬ್ಬರು ಹಿಡಿದು ಬಾಗಿಲಿಗೆ ನೂಕಿದರು. ಆ ಇಬ್ಬರಲ್ಲಿ ನಾನೂ ಒಬ್ಬ. ಅವನ ತೋಳು ಬಹಳ ಸಣ್ಣಗಿತ್ತು. ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಪರೀಕ್ಷೆ ಹತ್ರ ಐತೆ ಸಾ, ಪುಸ್ತಕ ಕೊಡ್ಸಿ," ಎಂದ. ನಾನು ಕದ ಮುಂದೆ ಮಾಡಿದೆ.

ಎರಡು ಮೂರು ದಿನ ಟಿಕೆಟ್ಟು ಹರಿಯುವಾಗಲೂ ಆ ಮಾತೇ ಕಿವಿಯಲ್ಲಿತ್ತು. ಕೊನೆಗೆ ರಜೆ ಹಾಕಿ ಪಾಂಡವಪುರದಲ್ಲಿ ಇಳಿದೆ. ಕೋರ್ಟಿನ ಆವರಣದಲ್ಲಿ ಹುಡುಕಬೇಕಾಗಲಿಲ್ಲ. ದಿನಗೂಲಿ ಜವಾನನ ಕೆಲಸ ಅವನದು, ಕಡತಗಳ ಗಂಟನ್ನು ತಲೆಯ ಮೇಲೆ ಹೊತ್ತು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ನನ್ನನ್ನು ನೋಡಿ ಗಂಟು ಇಳಿಸಿ ಗೋಡೆಗೆ ಒತ್ತಿ ನಿಂತ.

ಹೊರಗೆ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಜೇಬಿನಿಂದ ನಾಲ್ಕಾಗಿ ಮಡಿಸಿದ ಪರೀಕ್ಷೆಯ ಚೀಟಿ ತೆಗೆದು ನಾನು ಕೇಳುವ ಮೊದಲೇ ತೋರಿಸಿದ. ಪರೀಕ್ಷೆ ಪಾಸಾದರೆ ಶೀಘ್ರಲಿಪಿಕಾರನ ಕೆಲಸಕ್ಕೆ ಅರ್ಜಿ ಹಾಕಬಹುದು, ದಿನಗೂಲಿ ತಪ್ಪುತ್ತದೆ ಎಂದ.

"ನಮ್ ಗೋಷ್ಠಿಗೇ ಯಾಕ್ ಬತ್ತಿದ್ದೆ?"

"ಯಾರಾನ ಓದ್ಬೇಕು, ನಾನು ಬರೀಬೇಕು ಸಾ. ಮನೇಲಿ ಓದೋರು ಯಾರೂ ಇಲ್ಲ. ರೇಡಿಯೋ ವಾರ್ತೆ ಓಡ್ತದೆ, ಕೈಗೆ ಸಿಕ್ಕಾಕಿಲ್ಲ. ನೀವು ಒಂದೊಂದ್ ಸಾಲೂ ಎಳ್ಡೆಳ್ಡು ಸಲ ಏಳ್ತೀರ. ಮೊದಲ್ನೇ ಸಲ ಬುಟ್ಟೋದ್ರೆ ಎರಡ್ನೇ ಸಲ ಸಿಕ್ತದೆ."

"ಎಲ್ಲಿ ನಡೀತದೆ ಅಂತ ಯಾರು ಏಳ್ತಿದ್ರು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಮೊದಲ್ನೇ ಸಲ ಶಾಲೆ ಮುಂದೆ ಓಗ್ತಿದ್ದಾಗ ಓದದು ಕೇಳಿಸ್ತು, ಒಳಕ್ಕೆ ಬಂದೆ. ಆಮೇಲೆ ನೀವೇ ಕೊನೇಲಿ ಎದ್ದು ಏಳ್ತಿದ್ರಲ್ಲ ಸಾ, ಮುಂದಿನ ತಿಂಗಳು ಇಂತ ಕಡೆ ಅಂತ."

ಹೌದು. ವಂದನಾರ್ಪಣೆ ನನ್ನ ಪಾಲಿನದು. ನಾನೇ ಹೇಳುತ್ತಿದ್ದೆ.

ಟೀ ಕುಡಿದು ಮುಗಿಸಿ ನನ್ನ ಕವನ ನೆನಪಿದೆಯಾ, ಹೇಳುತ್ತೀಯಾ ಎಂದು ಕೇಳಿದೆ. "ಬರ್ದಿದ್ದು ತಲೇಲಿ ಉಳ್ಯಕಿಲ್ಲ ಸಾ. ಅರ್ಥ ಮಾಡ್ಕಂಡ್ರೆ ಕೈ ನಿಂತೋಯ್ತದೆ," ಎಂದ. ಆಮೇಲೆ ನನಗೆ ಸಮಾಧಾನ ಹೇಳುವವನಂತೆ, "ನಿಮ್ದು ಬರಿಯಕ್ಕೆ ಬಲು ಸಲೀಸು. ಬಂದಿದ್ದೇ ಪದ ಬತ್ತದೆ," ಎಂದ. ನನ್ನ ಕವನದ ಬಗ್ಗೆ ಅಷ್ಟು ನಿಜವಾದ ವಿಮರ್ಶೆಯನ್ನು ಬಳಗದಲ್ಲಿ ಯಾರೂ ಮಾಡಿರಲಿಲ್ಲ.

ಪುಸ್ತಕಕ್ಕಾಗಿ ಯಜಮಾನರ ಆಲೆಮನೆಗೆ ಹೋದೆ. ಕೊಪ್ಪರಿಗೆಯ ಮುಂದೆ ನಿಂತಿದ್ದವರು ನನ್ನ ಮಾತು ಪೂರ್ತಿ ಕೇಳಲೂ ಇಲ್ಲ. "ಎಲ್ಲೋ ಬಿದ್ದೋಯ್ತು ಬುಡ್ಲಾ. ಅವನ ಪುಸ್ತಕ ಕಟ್ಕಂಡು ನಿಂಗೇನಾಗ್ಬೇಕು?" ಎಂದರು. ನಿಜಕ್ಕೂ ಕಳೆದರೋ, ಇಟ್ಟುಕೊಂಡರೋ ನನಗೆ ಈಗಲೂ ತಿಳಿಯದು.

ಪರೀಕ್ಷೆಗೆ ಇನ್ನೂ ಐದು ವಾರ ಇತ್ತು. ಹೊಸ ಪುಸ್ತಕ ತಂದುಕೊಟ್ಟು, ಐದು ವಾರವೂ ನನ್ನ ರಜೆಯ ದಿನ ಕೋರ್ಟಿನ ಜಗಲಿಯಲ್ಲಿ ಕುಳಿತು ಅವನಿಗೆ ಪತ್ರಿಕೆ ಓದಿ ಹೇಳಿದೆ. ಮೊದಮೊದಲು ಒಂದೊಂದು ಸಾಲನ್ನೂ ಎರಡು ಸಲ ಓದುತ್ತಿದ್ದೆ. ಮೂರನೆಯ ವಾರ ಅವನೇ, "ಒಂದೇ ಸಲ ಓದಿ ಸಾ, ಪರೀಕ್ಷೇಲಿ ಎರಡು ಸಲ ಓದಕಿಲ್ಲ," ಎಂದ. ಅವನು ನನ್ನೊಡನೆ ಗೆಳೆಯನಾಗಲಿಲ್ಲ. ನಾನು ಯಾಕೆ ಬರುತ್ತೇನೆ ಎಂದು ಅವನಿಗೂ ಅನುಮಾನವಿತ್ತು; ಪುಸ್ತಕವನ್ನು ಒಂದು ಸಲವೂ ನನ್ನ ಕೈಗೆ ಕೊಡಲಿಲ್ಲ. ಪರೀಕ್ಷೆ ಪಾಸಾದ. ಆ ಸುದ್ದಿಯನ್ನು ನಮ್ಮ ಗಾಡಿಯ ಡ್ರೈವರನ ಬಾಯಲ್ಲಿ ಕೇಳಿದೆ.

ಈ ನಡುವೆ ಮೈಸೂರಿನ ಬಸ್ ನಿಲ್ದಾಣದಲ್ಲಿ ಮೇಷ್ಟ್ರ ಹೆಂಡತಿ ಸಿಕ್ಕರು. ವರ್ಗವಾದದ್ದಕ್ಕೆ ನಾನು ಮರುಕ ತೋರಿಸಿದರೆ ಅವರು ಅಚ್ಚರಿಪಟ್ಟರು. "ಅಯ್ಯೋ, ನಾವೇ ಕೇಳಿ ಹಾಕಿಸ್ಕೊಂಡದ್ದು ಕಣಪ್ಪಾ. ಮಕ್ಕಳ ಓದಿಗೆ ಅಂತ ಎರಡು ವರ್ಷದಿಂದ ಓಡಾಡ್ತಿದ್ರು. ನಿಮಗೆ ಹೇಳಿರಲಿಲ್ವೇ?"

ಅವನು ಬರುತ್ತಿದ್ದದ್ದು ಪರೀಕ್ಷೆಯ ಅಭ್ಯಾಸಕ್ಕೆ, ಮೇಷ್ಟ್ರು ವರ್ಗ ತಾವೇ ಕೇಳಿ ಪಡೆದದ್ದು, ಈ ಎರಡೂ ಸಂಗತಿಯನ್ನು ಮುಂದಿನ ಗೋಷ್ಠಿಯಲ್ಲಿ ಎದ್ದು ನಿಂತು ಹೇಳಿದೆ. ಮಲ್ಲಿಗೆಯ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಯಜಮಾನರು ಮಾತ್ರ ಮೆಲ್ಲಗೆ ಕೇಳಿದರು, ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು: "ವಾರ ವಾರ ಅವನ ತಾವ ಓಗಿ ಕುಂತ್ಕತಿದ್ದೀಯಂತೆ? ಏನೇನ್ ಏಳ್ದೆ ಅವ್ನಿಗೆ?"

"ಪೇಪರ್ ಓದ್ದೆ ಅಷ್ಟೆಯ."

"ಉಂ," ಎಂದರು.

ಆಮೇಲೆ ನಾನು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ವಂದನಾರ್ಪಣೆಯನ್ನು ಬೇರೆಯವರಿಗೆ ಕೊಟ್ಟರು. ಗೋಷ್ಠಿಯ ಕಾರ್ಡು ಒಂದು ತಿಂಗಳು ತಡವಾಗಿ ಬಂತು, ಮರುತಿಂಗಳು ಬರಲೇ ಇಲ್ಲ. ಅಂಚೆಯಲ್ಲಿ ತಪ್ಪಿರಬಹುದೇ ಎಂದು ಅಂಚೆಯವನನ್ನು ಕೇಳಿದೆ. ಅವನು ಇಲ್ಲವೆಂದ. ಅವನ ಮಾತನ್ನೂ ಪೂರ್ತಿ ನಂಬಲಿಲ್ಲ.

ಒಂದೆರಡು ವರ್ಷದ ಮೇಲೆ ಆಲೆಮನೆ ಯಜಮಾನರು ಒಂದು ದಿನ ನನ್ನ ಬಸ್ಸು ಹತ್ತಿದರು. ಬಳಗ ಅಷ್ಟು ಹೊತ್ತಿಗೆ ನಿಂತುಹೋಗಿತ್ತು. ಟಿಕೆಟ್ಟು ತೆಗೆದುಕೊಂಡು, ಹಳೆಯದೇನೂ ನಡೆದೇ ಇಲ್ಲವೆಂಬಂತೆ ನನ್ನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಕ್ಕಳು ಮರಿ ಕೇಳಿದರು. ಆಮೇಲೆ, "ಏನಾನ ಬರೀತಾ ಇದ್ದೀಯೇನ್ಲಾ?" ಎಂದರು.

ಆ ಬೆಳಿಗ್ಗೆಯೇ ಡಿಪೋದಲ್ಲಿ ಕುಳಿತು ಎಂಟು ಸಾಲು ಬರೆದಿದ್ದೆ. ಹಾಳೆ ಅಂಗಿಯ ಒಳಜೇಬಿನಲ್ಲಿತ್ತು. "ಇಲ್ಲ ಯಜಮಾನ್ರೆ, ಎಲ್ಲಾ ಬುಟ್ಬುಟ್ಟೆ," ಎಂದು ಸೀಟಿ ಊದಿ ಮುಂದಿನ ಸ್ಟಾಪಿನ ಟಿಕೆಟ್ಟು ಹರಿಯಲು ಎದ್ದೆ.