ಕುಣುಕ್ಕು ಕಿವಿಯಲ್ಲಿರುವಾಗ ಏಳುವುದು ಹೇಗೆ?

ನಮ್ಮ ವಾರ್ಡಿನ ಚುನಾವಣೆಯಲ್ಲಿ ಈ ಸಲ ಮಾದೇವನ ಹೆಸರಿದೆ. ಕಾರಣ ಸಿದ್ಧಾಂತವಲ್ಲ, ಜನಸೇವೆಯೂ ಅಲ್ಲ. ಬಟ್ಟೆ ಒಣಹಾಕುವ ಒಂದು ಕ್ಲಿಪ್ಪು.

ನಗಬೇಡಿ. ಅದರ ಜೋಡಿ ಕ್ಲಿಪ್ಪು ನನ್ನ ಕಿವಿಯಲ್ಲೇ ಇತ್ತು.

ಮಾದೇವ ಪೆರಿಕಲ್ಲೂರಿನಲ್ಲಿ ನಮ್ಮ ಪಕ್ಕದ ಮನೆಯವನು. ಹೊಳೆಯಾಚೆ ಕರ್ನಾಟಕ, ಹೊಳೆಯೀಚೆ ಕೇರಳದ ನಾವು. ಅವನದು ಸ್ವಲ್ಪ ಕಾಳುಮೆಣಸು, ಸ್ವಲ್ಪ ಶುಂಠಿ, ಬಹಳಷ್ಟು ರೋಷ. ಉಳಿದಂತೆ ಚಿನ್ನದಂಥ ಮನುಷ್ಯ. ಇಸ್ಪೀಟಿನಲ್ಲಿ ನನ್ನ ಖಾಯಂ ಪಾರ್ಟ್‌ನರ್.

ಅವನ ಹೆಂಡತಿ ಗಿರಿಜೆ. ಗಿರಿಜೆಯ ಅಣ್ಣ ನಂಜುಂಡ. ಈ ನಂಜುಂಡನಿಗೆ ಒಂದು ಪಕ್ಷ ನಮ್ಮ ವಾರ್ಡಿನ ಟಿಕೆಟ್ ಕೊಟ್ಟಿತು. (ಯಾವ ಪಕ್ಷ ಅಂತ ಕೇಳಬೇಡಿ. ನಾನು ಇದೇ ಊರಲ್ಲಿ ಬದುಕಬೇಕು.) ಆ ಖುಷಿಗೆ ಅವನು ಮನೆಯಲ್ಲಿ ಊಟ ಹಾಕಿಸಿದ. ಪಾಯಸದ ಹೊತ್ತಿಗೆ ಮಾದೇವ ಸುಮ್ಮನಿರಲಾರದೆ, ಪ್ರಚಾರದಲ್ಲಿ ತಾನೂ ನಾಲ್ಕು ಮಾತಾಡುತ್ತೇನೆ ಅಂದ. ನಂಜುಂಡ ನಗುತ್ತಾ, "ನೀನು ಜೀಪಿನ ಹಿಂದೆ ಬಾವುಟ ಹಿಡ್ಕೊಂಡು ನಿಂತ್ಕೊ ಮಾದೇವ. ಮೈಕ್ ಮಾತ್ರ ಮುಟ್ಬೇಡ" ಅಂದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು.

ಮಾರನೇ ದಿನ ಮಾದೇವ ಸ್ವತಂತ್ರ ಅಭ್ಯರ್ಥಿಯಾಗಿ ನಾಮಪತ್ರ ಹಾಕಿ ಬಂದ.

ಅಂದಿನಿಂದ ಗಿರಿಜೆ ಅವನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಹೇಳಬೇಕಾದ್ದನ್ನೆಲ್ಲ ಕೊಟ್ಟಿಗೆಯಲ್ಲಿರುವ ಹಸುವಿಗೆ ಹೇಳುತ್ತಿದ್ದಳು, ಅಷ್ಟೇ. "ಗೌರಿ, ನಿಮ್ಮ ಯಜಮಾನ್ರಿಗೆ ಹೇಳು, ಗಂಜಿ ಬಡ್ಸಿಟ್ಟಿದೆ." ಬೇಲಿಯಾಚೆ ಪೇಪರ್ ಓದುತ್ತಾ ಕೂತ ನನಗೂ ಕೇಳುತ್ತಿತ್ತು. (ಓದುವುದು ನೆಪ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇರಲಿ.) ಕೊನೆಯ ತೀರ್ಪೂ ಗೌರಿಯ ಮೂಲಕವೇ ಬಂತು: "ನಮ್ಮಣ್ಣನ ಎದುರು ನಿಂತಿರೋ ತನಕ ಮಾತಿಲ್ಲ. ವಾಪಸ್ ತಗೊಂಡ ದಿನ ಮಾತಾಡ್ತೀನಿ."

ಮಾದೇವ ಎಷ್ಟು ದಿನ ತಡೆದಾನು? ಒಂದು ಸಂಜೆ ನನ್ನ ಜಗಲಿಗೆ ಬಂದು ಕುಸಿದ. "ಮಾಷೆ, ಸಾಕಾಯ್ತು. ಹಸು ಕೂಡ ನನ್ನ ಮುಖ ನೋಡ್ತಿಲ್ಲ. ನಾಳೆ ಹೋಗಿ ವಾಪಸ್ ತಗೊಂಡ್‌ಬಿಡ್ತೀನಿ, ನೀವೂ ಬನ್ನಿ." (ಮಾಷ್ ಅಂದರೆ ಮೇಷ್ಟ್ರು. ನೀವು ರಿಟೈರ್ ಆದರೂ ಕೇರಳ ನಿಮ್ಮನ್ನು ಆ ಕೆಲಸದಿಂದ ಬಿಡುವುದಿಲ್ಲ.)

ನಾಳೆಯೇ ಕೊನೆಯ ದಿನ. ಮಧ್ಯಾಹ್ನ ಮೂರರೊಳಗೆ ಪಂಚಾಯತ್ ಆಫೀಸಿನಲ್ಲಿ ಚುನಾವಣಾಧಿಕಾರಿಯ ಕೈಗೆ ಅರ್ಜಿ ಕೊಡಬೇಕು. ಮೂರು ಹೊಡೆದರೆ ಮುಗಿಯಿತು, ಆಮೇಲೆ ಬೇಡವೆಂದರೂ ನೀವು ಅಭ್ಯರ್ಥಿ.

ಮರುದಿನ ಸ್ವತಃ ನಂಜುಂಡನೇ ಜೀಪು ತಂದ. ಭಾವ ಭಾಮೈದ ಇಬ್ಬರೂ ಮುಂದಿನ ಸೀಟಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತರು. ಹಿಂದೆ ನಾನು, ಶಾಂತಿಸಂಧಾನದ ಸಾಕ್ಷಿ. ಪೇಟೆ ತಲುಪಿದಾಗ ಹೊತ್ತು ಬೇಕಾದಷ್ಟಿತ್ತು. ಆಫೀಸಿನಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಸ್ವಲ್ಪ ಖಾಲಿಯಾಗಲಿ ಅಂತ ಎದುರಿನ ಚಹಾದಂಗಡಿಗೆ ಹೋದೆವು.

ಅಲ್ಲಿ ವರ್ಕಿ ಚೇಟ್ಟನ್ (ಅಂದರೆ ವರ್ಕಿ ಅಣ್ಣ) ಬೆಂಚಿನ ಮೇಲೆ ಇಸ್ಪೀಟು ಕಲೆಸುತ್ತಾ ಕೂತಿದ್ದರು. ಅಂಗಡಿ ಅವರದು, ಬೆಂಚು ಅವರದು, ಎಲೆ ಅವರದು. ನಮ್ಮ ಮೂವರನ್ನು ನೋಡಿ ಅವರ ಮುಖ ಅರಳಿತು.

"ಬನ್ನಿ ಬನ್ನಿ. ನಾಲ್ಕು ಜನ ಆಯ್ತಲ್ಲ!"

ಗಡಿಯಾಚೆಯ ಓದುಗರಿಗೆ ಒಂದು ಮಾತು. ನಮ್ಮ ಕಡೆಯ ಆಟ ಇಪ್ಪತ್ತೆಂಟು. ಎದುರುಬದುರು ಕೂತವರು ಒಂದು ಜೋಡಿ. ಇಷ್ಟು ಪಾಯಿಂಟ್ ಮಾಡುತ್ತೇವೆ ಅಂತ ಕೂಗಬೇಕು, ಕೂಗಿದ್ದನ್ನು ಮಾಡಿ ತೋರಿಸಬೇಕು. ಇದರಲ್ಲಿ ರಾಜನಿಗೂ ರಾಣಿಗೂ ಪಾಯಿಂಟೇ ಇಲ್ಲ, ಎಲ್ಲರಿಗಿಂತ ದೊಡ್ಡವನು ಗುಲಾಮ. ಇಂಥ ಆಟ ಕೇರಳದಲ್ಲಿ ಜನಪ್ರಿಯವಾದದ್ದರಲ್ಲಿ ಆಶ್ಚರ್ಯವೇನಿದೆ?

ದುಡ್ಡು ಕಟ್ಟುವುದಿಲ್ಲ. ದುಡ್ಡು ಕಟ್ಟಿದರೆ ಪೊಲೀಸರು ಬರುತ್ತಾರೆ. ನಾವು ಕಟ್ಟುವುದು ಕುಣುಕ್ಕು. ಹಿಂದೆ ಅಜ್ಜಿಯರು ಕಿವಿಗೆ ಜೋತುಬಿಡುತ್ತಿದ್ದ ಓಲೆಗೆ ಮಲಯಾಳದಲ್ಲಿ ಹಾಗೆನ್ನುತ್ತಾರೆ. ಸೋತ ಜೋಡಿ ಅದನ್ನು ಕಿವಿಗೆ ಹಾಕಿಕೊಂಡೇ ಮುಂದಿನ ಆಟ ಆಡಬೇಕು. ಕೆಲವು ಕಡೆ ಹಲಸಿನ ಎಲೆ ಸುತ್ತಿ ಮಾಡುತ್ತಾರೆ. ವರ್ಕಿ ಚೇಟ್ಟನ್ ಕಲಾವಿದರು. ಬಟ್ಟೆ ಕ್ಲಿಪ್ಪಿಗೆ ಸೋಡಾ ಬಾಟಲಿಯ ಮುಚ್ಚಳ ಕಟ್ಟಿ ಇಟ್ಟಿದ್ದಾರೆ. ತಲೆಯಾಡಿಸಿದರೆ ಸದ್ದು ಬರುತ್ತದೆ.

ಒಂದು ಆಟ ಗೆದ್ದರೆ ಕುಣುಕ್ಕು ಇಳಿಯುತ್ತದೆ. ಗೆಲ್ಲದೆ ಎದ್ದರೆ? ಅದನ್ನು ಹಾಕಿಕೊಂಡೇ ಮನೆತನಕ ನಡೆಯಬೇಕು. ಈ ಒಂದು ಕಾನೂನಿಗೆ ನಮ್ಮಲ್ಲಿ ಇದುವರೆಗೆ ತಿದ್ದುಪಡಿ ಆಗಿಲ್ಲ.

ಮೊದಲ ಆಟದಲ್ಲೇ ನಾವು ಸೋತೆವು. (ಕೂಗಿದ್ದು ನಾನು. ಗಣಿತದ ಮೇಷ್ಟ್ರ ಲೆಕ್ಕ ತಪ್ಪಿತು ಅಂತ ವರ್ಕಿ ಚೇಟ್ಟನ್ ಬಂದ ಗಿರಾಕಿಗಳಿಗೆಲ್ಲ ಹೇಳಿದರು.) ಎರಡು ಕಿವಿಗೆ ಎರಡು ಕುಣುಕ್ಕು ಬಿತ್ತು. ಮಾದೇವನಿಗೊಂದು, ನನಗೊಂದು.

"ಸಾರಮಿಲ್ಲ ಮಾಷೆ, ಪರವಾಗಿಲ್ಲ," ಅಂದ ಮಾದೇವ. "ಇನ್ನೊಂದು ಕಳಿ. ಇಳ್ಸಿ ಎದ್ದೋಗಣ."

ಇನ್ನೊಂದು ಆಡಿದೆವು. ಸೋತೆವು. ಮತ್ತೊಂದು ಆಡಿದೆವು. ಅದನ್ನಂತೂ ಸೋಲಲು ವಿಶೇಷ ಪ್ರತಿಭೆ ಬೇಕಿತ್ತು. ಆಫೀಸು ಖಾಲಿಯಾಗಿ, ಅಲ್ಲಿದ್ದ ಜನ ನಮ್ಮ ಬೆಂಚಿನ ಸುತ್ತ ಸೇರಿದರು. ಯಾರೋ ಮೊಬೈಲು ಎತ್ತಿ ಹಿಡಿದರು. ರಸ್ತೆಯಾಚೆ ಆಫೀಸಿನ ಬಾಗಿಲು ಕಾಣುತ್ತಿತ್ತು. ಬಾಗಿಲಿನೊಳಗೆ ಗೋಡೆ ಗಡಿಯಾರವೂ ಕಾಣುತ್ತಿತ್ತು. ಮೂರಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ನನ್ನ ಅಳಿಯ ಕೋಳಿಕ್ಕೋಡಿನಲ್ಲಿದ್ದಾನೆ. ಮೊಬೈಲಿನಲ್ಲಿ ಪೋಕರ್ ವಿಡಿಯೊ ನೋಡುವುದು ಅವನ ಹವ್ಯಾಸ. ಒಳ್ಳೆಯ ಆಟಗಾರ ಕೂರುವ ಮೊದಲೇ ಯಾವಾಗ ಏಳಬೇಕು ಅಂತ ನಿರ್ಧರಿಸಿರುತ್ತಾನಂತೆ. ಇಷ್ಟು ಸೋತರೆ ಏಳುವುದು, ಇಷ್ಟು ಹೊತ್ತಾದರೆ ಏಳುವುದು, ತಲೆ ಬಿಸಿಯಾದರೆ ತಕ್ಷಣ ಏಳುವುದು. "ಡಿಸಿಪ್ಲಿನ್ ಮಾವ, ಅಷ್ಟೇ" ಅನ್ನುತ್ತಾನೆ. ಅಲ್ಲಪ್ಪ, ನಿಮ್ಮ ಪೋಕರಿನಲ್ಲಿ ಹೋಗುವುದು ದುಡ್ಡು ತಾನೇ? ಕಿವಿಯಲ್ಲಿ ಸೋಡಾ ಮುಚ್ಚಳ ತೂಗಾಡುವಾಗ, ಅರ್ಧ ಪೇಟೆ ನೋಡುತ್ತಿರುವಾಗ ಎದ್ದು ತೋರಿಸು. ಆಗ ಡಿಸಿಪ್ಲಿನ್ ಬಗ್ಗೆ ಮಾತಾಡೋಣ.

ಆದರೂ ನಾನು ಪ್ರಯತ್ನಪಟ್ಟೆ. "ಮಾದೇವ, ಅದನ್ನ ಬಿಚ್ಚಿಟ್ಟು ಹೋಗಿ ಬಾರಯ್ಯ. ಬಂದು ಮತ್ತೆ ಹಾಕ್ಕೊಂಡ್ರಾಯ್ತು."

"ಅದು ಪಟ್ಟಿಲ್ಲ ಮಾಷೆ," ವರ್ಕಿ ಚೇಟ್ಟನ್ ತಲೆಯಾಡಿಸಿದರು. "ಆಗಲ್ಲ ಅಂದ್ರೆ ಆಗಲ್ಲ. ಏಳೋದಾದ್ರೆ ಕುಣುಕ್ಕು ಸಮೇತ. ಇವತ್ತು ಕ್ಯಾಂಡಿಡೇಟಿಗೆ ಬಿಟ್ರೆ ನಾಳೆ ಎಲ್ರೂ ಬಿಚ್ಚಿಟ್ಟು ಹೋಗ್ತಾರೆ."

"ಹಾಗಾದ್ರೆ ಹಾಕ್ಕೊಂಡೇ ಹೋಗು," ಅಂದೆ.

ಮಾದೇವ ನನ್ನನ್ನು ಕೊಲ್ಲುವಂತೆ ನೋಡಿದ. "ಇದನ್ನ ಹಾಕ್ಕೊಂಡು ಆ ಆಫೀಸರ್ ಮುಂದೆ ನಿಲ್ಲೋದಾ? ಮಾನ ಇಲ್ವಾ ನನಗೆ? ಒಂದೇ ಕಳಿ ಮಾಷೆ. ಇದೇ ಲಾಸ್ಟು."

ಈ 'ಇದೇ ಲಾಸ್ಟು' ಅನ್ನುವ ಮಾತನ್ನು ನಾವು ಇಸ್ಪೀಟಿನಲ್ಲಿ ಮಾತ್ರ ಹೇಳುತ್ತೇವೆಯೇ? ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 'ಇದೇ ನನ್ನ ಕೊನೆಯ ಮೆಸೇಜು' ಅಂತ ಬರೆದವರು ಬೆಳಗಿನ ಜಾವದವರೆಗೆ ಬರೆಯುತ್ತಾರೆ. ಎರಡು ಮಾತಾಡಿ ಮುಗಿಸುತ್ತೇನೆ ಅಂದ ಭಾಷಣಕಾರನ ಮುಂದೆ ಊಟದ ಎಲೆ ಒಣಗುತ್ತದೆ. ಬರ್ತೀವಿ ಅಂತ ಎದ್ದ ನೆಂಟರು ಗೇಟಿನ ಹತ್ತಿರ ನಿಂತು ಹೊಸದಾಗಿ ಶುರುಮಾಡುತ್ತಾರೆ. ಸೋಲುತ್ತಿರುವಾಗ ಏಳುವುದು ಕಷ್ಟ, ನಿಜ. ಆದರೆ ಗೆಲ್ಲುತ್ತಿರುವವನ ಕಷ್ಟ ಏನು ಅಂತ ನನಗೆ ಗೊತ್ತಾದದ್ದು ಆ ಮಧ್ಯಾಹ್ನವೇ.

ಯಾಕೆಂದರೆ ನಂಜುಂಡನೂ ಗಡಿಯಾರ ನೋಡುತ್ತಿದ್ದ. ಮಾದೇವ ಎದ್ದುಹೋಗಿ ಅರ್ಜಿ ಕೊಟ್ಟರೆ ಲಾಭ ಯಾರಿಗೆ? ಅವನಿಗೇ. ಎಲೆ ಹಂಚುವಾಗ ನನ್ನ ಕಡೆ ಬಾಗಿ, "ಈ ಆಟ ನಿಮ್ದೇ ಮಾಷೆ, ಹೆದರ್ಬೇಡಿ" ಅಂತ ಪಿಸುಗುಟ್ಟಿದ. ಬೇಕೆಂದೇ ಸೋಲುವುದಾಗಿ ಮಾತು ಕೊಟ್ಟ. ನನಗೆ ಜೀವ ಬಂತು.

ಮಾದೇವ ಧೈರ್ಯವಾಗಿ ಕೂಗಿದ. ಆಟ ಸಾಗಿತು. ಎಲ್ಲರ ಕೈಯಲ್ಲೂ ಎರಡೆರಡು ಎಲೆ ಉಳಿದವು. ಈ ಸುತ್ತು ನಮಗೆ ಬಂದರೆ ಕುಣುಕ್ಕು ಇಳಿಯುತ್ತಿತ್ತು. ಮಾದೇವ ಡೈಮಂಡ್ ಎಕ್ಕ ಇಳಿಸಿದ. ಅದನ್ನು ಹೊಡೆಯಬಲ್ಲ ಎಲೆ ಒಂದೇ ಒಂದು ಉಳಿದಿತ್ತು, ತುರುಫಿನ ಗುಲಾಮ. ಅದು ನಂಜುಂಡನ ಕೈಯಲ್ಲಿತ್ತು.

ನಂಜುಂಡ ಆಫೀಸಿನ ಬಾಗಿಲು ನೋಡಿದ. ಕೈಯಲ್ಲಿದ್ದ ಎರಡು ಎಲೆ ನೋಡಿದ. ಬೆರಳು ಒಂದು ಎಲೆಯ ಮೇಲೆ ಹೋಯಿತು, ವಾಪಸು ಬಂತು. ಹಿಂದಿನಿಂದ ಯಾರೋ "ಹೊಡೀರಿ ಚೇಟ್ಟಾ!" ಅಂದರು. ಅಷ್ಟೇ ಸಾಕಾಯಿತು. ಬೆಂಚು ಅದುರುವಂತೆ ಗುಲಾಮ ಬಿತ್ತು. ಜನ ಕೇಕೆ ಹಾಕಿದರು. ಕೊನೆಯ ಸುತ್ತಿಗೆ ನಂಜುಂಡ ಉಳಿದ ಎಲೆ ಹಾಕಿದ: ಕ್ಲಾವರ್ ಎಂಟು. ಒಂದು ಪಾಯಿಂಟೂ ಇಲ್ಲದ, ಯಾರಿಗೂ ಬೇಡದ ಎಲೆ. ಗುಲಾಮನ ಬದಲು ಅದನ್ನು ಎಸೆದಿದ್ದರೆ ಕಥೆ ಮುಗಿಯುತ್ತಿತ್ತು.

ಅವನ ಮುಖದಲ್ಲಿ ಒಂದು ಕ್ಷಣ ಎಂಥ ಆನಂದ ಅಂತೀರಿ! ಆಮೇಲೆ ಗಡಿಯಾರ ಕಂಡಿತು. ಮುಖ ಬಿಳಿಚಿತು.

ಆಗ ಮಾದೇವ ಎದ್ದ. ಕುಣುಕ್ಕು ಕಿವಿಯಲ್ಲೇ ಇತ್ತು. ಮುಚ್ಚಳ ಸದ್ದು ಮಾಡುತ್ತಾ ರಸ್ತೆ ದಾಟಿ ಓಡಿದ. ಹಿಂದೆ ನಾನು, ನನ್ನ ಹಿಂದೆ ನಂಜುಂಡ. ಚುನಾವಣಾಧಿಕಾರಿ ಒಳ್ಳೆಯವರು. ಅರ್ಜಿ ನೋಡಿದರು, ಅವನ ಕಿವಿ ನೋಡಿದರು, ನನ್ನ ಕಿವಿ ನೋಡಿದರು. ಗೋಡೆಯ ಕಡೆ ಕೈ ತೋರಿಸಿದರು. ಮೂರು ದಾಟಿತ್ತು.

ನನ್ನನ್ನು ಇವತ್ತಿಗೂ ಕೊರೆಯುತ್ತಿರುವುದು ಇದು. ಕುಣುಕ್ಕು ಹಾಕಿಕೊಂಡು ಹೋಗಲಾರೆ ಅಂತಲೇ ತಾನೇ ಅಷ್ಟು ಹೊತ್ತು ಕೂತದ್ದು? ಕೊನೆಗೆ ಹೋದದ್ದು ಅದನ್ನು ಹಾಕಿಕೊಂಡೇ. ಅದೇ ಮಾನ, ಅದೇ ಮುಚ್ಚಳ, ಅದೇ ಆಫೀಸರ್. ಕೆಲಸ ಮಾತ್ರ ಆಗಲಿಲ್ಲ.

ಈಗ ಮಾದೇವ ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದಾನೆ: "ದಯವಿಟ್ಟು ನನಗೆ ವೋಟು ಹಾಕ್ಬೇಡಿ." ಪರಿಣಾಮ ಊಹಿಸಬಲ್ಲಿರಾ? ಜನ ಅವನನ್ನು ಕೂರಿಸಿ ಚಹಾ ಕೊಡುತ್ತಿದ್ದಾರೆ. ಇಂಥ ಪ್ರಾಮಾಣಿಕ ಕ್ಯಾಂಡಿಡೇಟನ್ನು ನಮ್ಮ ವಾರ್ಡು ಕಂಡೇ ಇಲ್ಲವಂತೆ. ಕುಣುಕ್ಕು ಹಾಕಿ ಓಡುವ ಅವನ ವಿಡಿಯೊ ಪನಮರಂ ತನಕ ಹೋಗಿದೆ. (ನಾನೂ ಇದ್ದೇನೆ, ಎಡಗಡೆ ಸ್ವಲ್ಪ ಮಸುಕಾಗಿ.) ನಂಜುಂಡನ ಪೋಸ್ಟರ್ ನೋಡುವವರಿಲ್ಲ.

ಮೊನ್ನೆ ಬೆಳಿಗ್ಗೆ ಗಿರಿಜೆ ನಮ್ಮ ಜಗಲಿಗೆ ಬಂದಳು. ಕೂರಲಿಲ್ಲ.

"ಮಾಷೆ, ನೀವು ಸುಳ್ಳು ಹೇಳಲ್ಲ ಅಂತ ಕೇಳ್ತಿದೀನಿ. ಆ ಕೊನೇ ಆಟದಲ್ಲಿ ನಮ್ಮಣ್ಣನ ಕೈಲಿ ಬೇರೆ ಎಲೆ ಇತ್ತಾ?"

"ಇತ್ತಮ್ಮ. ಕ್ಲಾವರ್ ಎಂಟು."

"ಅದನ್ನ ಹಾಕಿದ್ರೆ ಇವ್ರು ಎದ್ದು ಹೋಗ್ತಿದ್ರಾ?"

"ಹೋಗ್ತಿದ್ದ."

ಅವಳು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಅದುವರೆಗೆ ನಾನು ಇಡೀ ಪ್ರಸಂಗವನ್ನು ತಮಾಷೆ ಅಂತಲೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

"ಅಣ್ಣನಿಗೋಸ್ಕರ ನಾನು ಕಟ್ಕೊಂಡ ಗಂಡನ ಹತ್ರ ಮಾತು ಬಿಟ್ಟೆ," ಅಂದಳು. "ನನಗೋಸ್ಕರ ಅವನಿಗೆ ಒಂದು ಎಲೆ ಬಿಡಕ್ಕಾಗ್ಲಿಲ್ಲ."

ಅಲ್ಲಿಂದ ನೇರ ಮನೆಗೆ ಹೋದಳು. ಬೇಲಿಯಾಚೆಯಿಂದ ಅವಳ ದನಿ ಕೇಳಿತು. ಈ ಸಲ ಹಸುವಿಗಲ್ಲ. "ರೀ, ಏಳಿ. ಒಳ್ಳೇ ಶರ್ಟ್ ಹಾಕ್ಕೊಳ್ಳಿ. ವೋಟು ಕೇಳಕ್ಕೆ ಹೋಗಣ."

ಈಗ ಇಬ್ಬರೂ ಜೊತೆಯಾಗಿ ಮನೆಮನೆಗೆ ಹೋಗುತ್ತಾರೆ. ಅವಳು ಹಾಕಿ ಅನ್ನುತ್ತಾಳೆ, ಅವನು ಬೇಡ ಅನ್ನುತ್ತಾನೆ. ಮಾತು ಬಂದ ಸಂತೋಷದಲ್ಲಿ ಅವನ 'ಬೇಡ' ದಿನದಿಂದ ದಿನಕ್ಕೆ ಮೆತ್ತಗಾಗುತ್ತಿದೆ.

ನಿನ್ನೆ ನಂಜುಂಡ ಫೋನ್ ಮಾಡಿದ್ದ. ದನಿ ಸೋತಿತ್ತು. "ತಂಗಿ ಫೋನ್ ಎತ್ತುತ್ತಿಲ್ಲ ಮಾಷೆ. ವಾರ್ಡೂ ಕೈಬಿಟ್ಟ ಹಾಗಿದೆ. ನೀವೊಂದು ಮಾತು ಹೇಳಿ ಅವಳಿಗೆ."

ಏನಂತ ಹೇಳಲಿ ಅಂದೆ. ಅವನು ಮೆಲ್ಲಗೆ ಕೇಳಿದ:

"ಆದ್ರೂ ಮಾಷೆ... ಆ ಗುಲಾಮ, ಎಂಥ ಹೊಡೆತ ಅಲ್ವಾ ಅದು?"