ಕಾಲುಂಗುರದ ಅಳತೆ

ಮೊದಲು ಚಿಕ್ಕದಾದದ್ದು ಕತ್ತರಿ. ಕುವೆಂಪುನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಬ್ಲೌಸು, ಲಂಗ, ಸೀರೆಗೆ ಫಾಲ್, ಇಷ್ಟೇ ನನ್ನ ರಾಜ್ಯ. ಹೊಲಿಗೆ ಕಲಿತ ದಿನದಿಂದ ಒಂದೇ ಕತ್ತರಿ ಬಳಸುತ್ತಿದ್ದೆ. ಒಂದು ಬೇಸಿಗೆಯಲ್ಲಿ ಅದರ ಹಿಡಿಯೊಳಗೆ ನನ್ನ ಹೆಬ್ಬೆರಳು ತುರುಕಿದರೆ ಮಾತ್ರ ಹೋಗುವಂತಾಯಿತು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ, ಕುಗ್ಗುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸಾಣೆ ಹಿಡಿಸಲು ಕೊಟ್ಟಾಗ ಕತ್ತರಿ ಬದಲಾಗಿದೆ ಎಂದು ತೀರ್ಮಾನಿಸಿ ಸಾಣೆಯವನ ಜೊತೆ ಜಗಳವಾಡಿಕೊಂಡು ಬಂದೆ. ಅವನು ಆಮೇಲೆ ನಮ್ಮ ರಸ್ತೆಗೇ ಬರಲಿಲ್ಲ.

ಆಮೇಲೆ ಬಳೆ ಚಿಕ್ಕದಾಯಿತು. ಮಾರುಕಟ್ಟೆಯ ಬಳೆ ಅಂಗಡಿಯವರು ನನ್ನ ಕೈ ಹಿಸುಕಿ, ಸೋಪು ಹಚ್ಚಿ, ಮೂರು ಬಳೆ ಒಡೆದು, ಈ ಅಳತೆಯದು ತಮ್ಮಲ್ಲಿ ಬರುವುದಿಲ್ಲ ಎಂದರು. ಈಗಿನ ಬಳೆಗಳಲ್ಲಿ ಮೊದಲಿನ ಗುಣಮಟ್ಟ ಇಲ್ಲ ಎಂದು ನಾನು ಹೇಳಿದೆ. ಚಪ್ಪಲಿಗಳೂ ಅದೇ ದಾರಿ ಹಿಡಿದವು. ಗಂಡನ ಚಪ್ಪಲಿಯನ್ನು ಮೊದಲು ಬಚ್ಚಲಿಗೆ ಹಾಕಿಕೊಂಡೆ, ಆಮೇಲೆ ಹಾಲಿನ ಅಂಗಡಿಗೆ, ಕೊನೆಗೆ ಒಂದು ಮದುವೆಗೂ ಹಾಕಿಕೊಂಡು ಹೋದೆ. ಅಲ್ಲಿ ಛತ್ರದ ಬಾಗಿಲಲ್ಲಿ ಯಾರದೋ ಚಪ್ಪಲಿ ಕಳೆದುಹೋಗಿತ್ತು. ನನ್ನದು ಕಳೆಯಲಿಲ್ಲ.

ಊರವರ ಮೈಯನ್ನೆಲ್ಲ ಅಳೆಯುವ ನಾನು ನನ್ನ ಮೈಗೆ ಒಂದು ದಿನವೂ ಟೇಪು ಹಿಡಿಯಲಿಲ್ಲ. ಬ್ಲೌಸು ಬಿಗಿಯಾದಾಗ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ಒಳಗೆ ಬಟ್ಟೆ ಬಿಟ್ಟು ಹೊಲಿಯುವುದು ಇಂಥ ದಿನಕ್ಕೇ ಅಲ್ಲವೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಾನು ಆ ಕತ್ತಲೆಯಲ್ಲಿ ಆರಾಮವಾಗಿ ಕೂತು ಬೇರೆಯವರ ಸೊಂಟ ಅಳೆಯುತ್ತಿದ್ದೆ.

ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ದನಿ ದಪ್ಪವಾಯಿತು. ನನ್ನ ಗಂಡ ಎಲೆಕ್ಟ್ರಿಷಿಯನ್. ಅವರ ಫೋನು ನಾನು ಎತ್ತಿದರೆ ಜನ ನನಗೇ, "ಸಾರ್, ಮೋಟ್ರು ಸ್ಟಾರ್ಟೇ ಆಯ್ತಿಲ್ಲ" ಎನ್ನುತ್ತಿದ್ದರು. ತಿದ್ದಿ ತಿದ್ದಿ ಸಾಕಾಗಿ, "ನಾಳೆ ಬರ್ತೀನಿ ಬುಡಿ" ಎಂದು ಇಟ್ಟುಬಿಡುತ್ತಿದ್ದೆ. ಗಂಡನೂ ಅದನ್ನೇ ಹೇಳುತ್ತಿದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮುಂದಿನ ಹಲ್ಲುಗಳ ನಡುವೆ ಸಂದು ಬಿತ್ತು, ಗೊರಕೆ ಶುರುವಾಯಿತು, ಚಳಿಗಾಲದಲ್ಲೂ ಬೆವರು, ಹಣೆಯ ಹಿಂದೆ ಸದಾ ಒಂದು ನೋವು.

ನಮ್ಮ ಬೀದಿಯಲ್ಲಿ ವೈದ್ಯರಿಗೆ ಬರವಿಲ್ಲ. ಪಕ್ಕದ ಮನೆಯವರು ಥೈರಾಯ್ಡ್ ಎಂದರು. ಪರೀಕ್ಷೆ ಮಾಡಿಸಿ ಅದಿಲ್ಲ ಎಂದು ತಿಳಿದ ಮೇಲೂ ಅವರು ಒಪ್ಪಲಿಲ್ಲ. ನನ್ನ ಅಕ್ಕ ವಯಸ್ಸು ಎಂದಳು. ಮೂಲೆಯ ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಅತ್ತೆ ದೃಷ್ಟಿ ಎಂದು ಹೇಳಿ, ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದು ಲೆಕ್ಕ. ನಾನು ಕಣ್ಣಲ್ಲಿ ನೀರು ಸುರಿಸಿ ಕೆಮ್ಮುತ್ತಿದ್ದೆ. ಅತ್ತೆ, "ನೋಡು, ಒಂದ್ ಚೂರೂ ಘಾಟಿಲ್ಲ" ಎಂದರು.

ಅತ್ತೆಯ ಬಗ್ಗೆ ಹೇಳಬೇಕು. ನಂಜನಗೂಡಿನ ಆಚೆಯ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಅವರ ಬಳಿ ಪ್ರತಿಯೊಂದಕ್ಕೂ ಒಂದು ಕಾನೂನಿದೆ. ಮಂಗಳವಾರ ಉಗುರು ತೆಗೆಯುವಂತಿಲ್ಲ, ಹೊಸಿಲ ಮೇಲೆ ಕೂರುವಂತಿಲ್ಲ, ಬರಿದೆ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳ. ಹಾಗೆಂದು ಅವರು ನನ್ನ ಕತ್ತರಿಯನ್ನು ಮುಟ್ಟುತ್ತಲೂ ಇರಲಿಲ್ಲ. ಆದರೆ ಆ ದಿನಗಳಲ್ಲಿ ಮೇಜಿನ ಬಲತುದಿಯಲ್ಲಿ ಇಟ್ಟ ಕತ್ತರಿ ಮಾಯವಾಗುತ್ತಿತ್ತು. "ಅತ್ತೆ, ಕತ್ತರಿ ಎಲ್ಲಿಟ್ರಿ?" ಎಂದು ಕೂಗುತ್ತಿದ್ದೆ. ಅವರು ಬಂದು, ಇಟ್ಟ ಜಾಗದಲ್ಲೇ ಇದ್ದ ಕತ್ತರಿಯನ್ನು ಬೆರಳಿನಿಂದ ತೋರಿಸುತ್ತಿದ್ದರು. ಇವರು ತೆಗೆದು, ನಾನು ಕೂಗಿದ ಮೇಲೆ ಮತ್ತೆ ಇಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಕತ್ತರಿ ಆಡಿಸದೆಯೇ ಜಗಳವಾಗುತ್ತಿತ್ತು.

ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರು ಬಂದರು. ಮಗಳ ಮನೆಯಲ್ಲಿ ಕೆಲವು ವರ್ಷ ಇದ್ದು ಆಗಷ್ಟೇ ವಾಪಸಾಗಿದ್ದರು. ಕೈಯಲ್ಲಿ ಹೊಸ ಬಟ್ಟೆ, ಜೊತೆಗೆ ಅಳತೆಗೆಂದು ನಾನೇ ಹೊಲಿದ ಹಳೆಯ ಬ್ಲೌಸು. ನನ್ನನ್ನು ನೋಡಿ, ಒಳಗೆ ಇಣುಕಿ, "ಟೈಲರಮ್ಮ ಇಲ್ವಾ?" ಎಂದರು. ನಾನು ಬಾಯಿ ತೆರೆಯುವುದರೊಳಗೆ, "ನೀವು ಅವರ ಅಕ್ಕ ಅಲ್ವಾ? ಮುಖ ಅಂಗೇ ಐತೆ, ಸ್ವಲ್ಪ ದೊಡ್ದು" ಎಂದರು.

ನಾನೇ ಎಂದು ಹೇಳಬಹುದಿತ್ತು. ಏನು ಹೇಳಿದೆ ಗೊತ್ತೆ? ತಂಗಿ ಹೊರಗೆ ಹೋಗಿದ್ದಾಳೆ, ಬಟ್ಟೆ ಇಟ್ಟು ಹೋಗಿ ಎಂದೆ. ಅವರು ಇಟ್ಟು ಹೋದರು. ಬಾಗಿಲು ಹಾಕಿ ಗೋಡೆಯ ಮೇಲಿನ ಮದುವೆ ಫೋಟೋದ ಪಕ್ಕ ಕನ್ನಡಿ ಹಿಡಿದು ನಿಂತೆ. ಹುಬ್ಬಿನ ಮೂಳೆ, ಮೂಗು, ತುಟಿ, ದವಡೆ ಎಲ್ಲ ಬೇರೆ. ಒಂದೇ ಮುಖವನ್ನು ಯಾರೋ ದೊಡ್ಡ ಅಳತೆಗೆ ಮತ್ತೆ ಹೊಲಿದ ಹಾಗಿತ್ತು. ಅಳು ಬಂತು. ಅತ್ತುಬಿಟ್ಟು ಅವರ ಹೊಸ ಬಟ್ಟೆಯಲ್ಲಿ ಬ್ಲೌಸಿನ ತೋಳು ಕತ್ತರಿಸಿದೆ, ಬೇರೆ ಕೆಲಸ ತೋಚಲಿಲ್ಲ.

ಮಾರನೆಯ ದಿನ ಆ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ನನ್ನ ಕೈಯನ್ನು ತಮ್ಮ ಕೈಯ ಪಕ್ಕ ಇಟ್ಟುಕೊಂಡು ನೋಡಿದರು. ಮದುವೆ ಫೋಟೋವನ್ನು ನನ್ನ ಗಂಡ ಇಷ್ಟು ವರ್ಷಗಳಲ್ಲಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ರಕ್ತ ಪರೀಕ್ಷೆ ಆಯಿತು. ಕಣ್ಣಿನ ವಿಭಾಗದಲ್ಲಿ ಒಂದು ಡಬ್ಬಿಯೊಳಗೆ ಮುಖ ಇಡಿಸಿ, ದೀಪ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ದೀಪವೇ ಬರಲಿಲ್ಲ. ಮಷೀನು ಕೆಟ್ಟಿದೆ, ನಮ್ಮ ಯಜಮಾನರು ಹೊರಗೆ ಕೂತಿದ್ದಾರೆ, ಎಲೆಕ್ಟ್ರಿಷಿಯನ್ನು, ಕರೆಯಲೇ ಎಂದು ಕೇಳಿದೆ. ಮಷೀನು ಚೆನ್ನಾಗಿತ್ತು.

ಮಿದುಳಿನ ಕೆಳಗೆ, ಮೂಗಿನ ಬುಡದ ಹಿಂದೆ ಪಿಟ್ಯುಟರಿ ಎಂಬ ಗ್ರಂಥಿ ಇದೆಯಂತೆ, ಬಟಾಣಿ ಕಾಳಿನಷ್ಟು. ಮೈ ಬೆಳೆಯಲು ಬೇಕಾದ ರಸ ಅದರಿಂದಲೇ ಒಸರುತ್ತದೆ. ಅದರಲ್ಲಿ ಗಡ್ಡೆ ಬೆಳೆದು, ನಡುವಯಸ್ಸಿನ ನನ್ನನ್ನು ಮತ್ತೆ ಬೆಳೆಸಲು ಹೊರಟಿತ್ತು. ಇಂಥ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ ಎಂದರು. ಆದರೆ ಅದು ಕಣ್ಣಿನ ನರವನ್ನು ಒತ್ತುತ್ತಿರಬೇಕು, ಅದಕ್ಕೇ ಎರಡೂ ಪಕ್ಕದ ನೋಟ ಮುಚ್ಚಿಕೊಂಡು ಬರುತ್ತಿದೆ, ಬೇಗ ಸ್ಕ್ಯಾನ್ ಮಾಡಿ ನೋಡಿ ತೆಗೆಯದಿದ್ದರೆ ಹೋದ ನೋಟ ವಾಪಸು ಬರುವ ಭರವಸೆ ಇಲ್ಲ ಎಂದರು. ನನಗೆ ಭಯವಾಯಿತು. ಸಾಯುವ ಭಯಕ್ಕಿಂತ ಸೂಜಿಗೆ ದಾರ ಪೋಣಿಸಲಾಗದೆ ಮೂಲೆಯಲ್ಲಿ ಕೂರುವ ಭಯ ಹೆಚ್ಚಾಗಿತ್ತು.

ಸ್ಕ್ಯಾನಿಗೆ ಹೋದ ದಿನ ಮೈಮೇಲೆ ಯಾವ ಲೋಹವೂ ಇರಕೂಡದು ಎಂದರು. ಮೂಗುತಿ, ಓಲೆ ಬಿಚ್ಚಿದೆ. ತಾಳಿಯನ್ನು ಮನೆಯಲ್ಲೇ ತೆಗೆದಿಟ್ಟು ಅರಿಸಿನ ಕೊಂಬಿನ ದಾರ ಕಟ್ಟಿಕೊಂಡು ಬಂದಿದ್ದೆ, ಅದಕ್ಕೆ ಅತ್ತೆಯ ಕಾನೂನಿನಲ್ಲಿ ಅವಕಾಶ ಇತ್ತು. ಉಳಿದದ್ದು ಕಾಲುಂಗುರ. ಮದುವೆಯ ದಿನ ಗಂಡ ತೊಡಿಸಿದ್ದವು ಈಗ ಬೆರಳಿನ ಮಾಂಸದಲ್ಲಿ ಹೂತುಹೋಗಿದ್ದವು. ಸೋಪು, ಎಣ್ಣೆ, ದಾರ ಯಾವುದಕ್ಕೂ ಜಗ್ಗಲಿಲ್ಲ. ತೆಗೆಸಿಕೊಂಡು ಬನ್ನಿ ಎಂದು ಕಳಿಸಿಬಿಟ್ಟರು.

ಅಲ್ಲಿಂದ ನೇರ ನಜರ್‌ಬಾದಿಗೆ ಹೋದೆವು, ಪರಿಚಯದ ಬೆಳ್ಳಿ ಕೆಲಸದವರ ಅಂಗಡಿಗೆ. ಅವರು ಕಾಲು ನೋಡಿ ಕನ್ನಡಕ ತೆಗೆದಿಟ್ಟರು. "ಇದು ಕತ್ತರಿಸ್ಬೇಕಾಯ್ತದೆ ಕಣಮ್ಮ. ಹಾಕೋದಾದ್ರೆ ಈಗ್ಲೇ ಹಾಕ್ತೀನಿ. ಕತ್ತರಿಸೋದಕ್ಕೆ ಮನೇಲಿ ಹಿರಿಯೋರನ್ನ ಒಂದ್ಮಾತು ಕೇಳ್ಕೊಂಬನ್ನಿ" ಎಂದರು. ಮನೆಯಲ್ಲಿ ಇದ್ದ ಹಿರಿಯರು ಯಾರು ಎಂದು ಮೇಲೆ ಹೇಳಿದ್ದೇನೆ.

ಅತ್ತೆ ಮಾತು ಪೂರ್ತಿ ಕೇಳಲಿಲ್ಲ. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವುದೇ ತಪ್ಪು, ಕತ್ತರಿಸುವುದೆಂದರೆ ಬಾಯಲ್ಲಿ ಆಡುವ ಮಾತಲ್ಲ. ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದು, ಕತ್ತರಿಸಿದರೆ ಕತ್ತರಿಸಿದ ಹಾಗೆ. "ನನಗಿರೋನು ಅವನೊಬ್ಬ ಕಣಮ್ಮಿ" ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅದೆಲ್ಲ ಮೂಢನಂಬಿಕೆ ಎಂದು ಗಂಡ ಗಟ್ಟಿಯಾಗಿ ಹೇಳಿದರು. ಹಾಗೆ ಹೇಳಿ ದಟ್ಟಗಳ್ಳಿಯಲ್ಲಿ ಒಪ್ಪಿಕೊಂಡಿದ್ದ ಮೂರನೇ ಮಹಡಿಯ ಕೆಲಸವನ್ನು ಮುಂದಕ್ಕೆ ಹಾಕಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ನನ್ನ ಎರಡು ಕಣ್ಣು ಒಂದು ಕಡೆ, ನನ್ನ ಎರಡು ಕಾಲ್ಬೆರಳು ಇನ್ನೊಂದು ಕಡೆ, ನಡುವೆ ಗಂಡನ ಆಯಸ್ಸು.

ಮಾರನೆಯ ಬೆಳಿಗ್ಗೆ ಮೇಜಿನ ಮುಂದೆ ಕೂತಿದ್ದೆ. ಕತ್ತರಿ ಕಾಣಲಿಲ್ಲ. ಅಭ್ಯಾಸಬಲದಿಂದ ಕೂಗಿದೆ, "ಅತ್ತೆ, ಕತ್ತರಿ ಎಲ್ಲಿಟ್ರಿ?" ಉತ್ತರ ಬರಲಿಲ್ಲ. ಮುನಿಸು ಇನ್ನೂ ಇಳಿದಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಕೂಗಿದೆ, "ಅತ್ತೆ, ಎಲ್ಲಿದ್ದೀರಿ?"

"ಇಲ್ಲೇ ಇವ್ನಿ" ಎಂಬ ದನಿ ಕಿವಿಯ ಹತ್ತಿರವೇ ಬಂತು. ತಿರುಗಿದೆ. ಕಾಫಿ ಲೋಟ ಹಿಡಿದು ನನ್ನ ಬಲಗಡೆ ನಿಂತಿದ್ದರು. ಕೈ ಚಾಚಿದರೆ ಅವರ ಸೆರಗು ಸಿಗುತ್ತಿತ್ತು. ನಾನು ಕೂಗುವ ಮೊದಲಿನಿಂದಲೂ ಅಲ್ಲೇ ಇದ್ದರಂತೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಮೇಜಿನ ತುದಿಯ ಕತ್ತರಿ ನೋಡಿದರು. ಲೋಟ ಇಟ್ಟು ಒಳಗೆ ಹೋಗಿ, ಮಗನ ಸಾಮಾನಿನ ಚೀಲದಿಂದ ತಂತಿ ಕತ್ತರಿಸುವ ಇಕ್ಕಳ ತಂದರು.

ನೆಲದ ಮೇಲೆ ಕೂತು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ನಾನು ಹಿಂದಕ್ಕೆ ಎಳೆದುಕೊಂಡೆ. ಹಿರಿಯರು ಕಿರಿಯರ ಕಾಲು ಮುಟ್ಟಬಾರದು ಎಂಬುದೂ ಅವರದೇ ಕಾನೂನು. "ಸುಮ್ಕಿರು" ಎಂದರು. ಗಂಡ ಬಂದು, "ಕೊಡವ್ವ, ನಾನು ಮಾಡ್ತೀನಿ" ಎಂದರು. "ನೀನು ಆಚೆ ಓಗು" ಎಂದರು.

ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿ ಒತ್ತಿದರು. ಒಂದು ತುಂಡಾಯಿತು. ತಲೆ ಎತ್ತದೆ ಹೇಳಿದರು, "ನಾನು ನಂದ ಒಂದ್ ದಿನಾನೂ ತೆಗ್ದಿರ್ನಿಲ್ಲ ಕಣಮ್ಮಿ. ಹೆರಿಗೆ ಒತ್ನಲ್ಲೂ ತೆಗ್ದಿರ್ನಿಲ್ಲ. ನಿಮ್ಮಾವ ಉಳ್ಕಂಡ್ರಾ?"

ಇನ್ನೊಂದು ಕಾಲನ್ನು ನಾನೇ ಚಾಚಿದೆ. ಎರಡನೆಯದೂ ತುಂಡಾಯಿತು. ಅವು ಇದ್ದ ಜಾಗದಲ್ಲಿ ಬೆರಳಿನ ಸುತ್ತ ಬೆಳ್ಳಗೆ ಗುರುತು ಬಿದ್ದಿತ್ತು. ಅದರ ಮೇಲೆ ಅರಿಸಿನದ ದಾರ ಕಟ್ಟಿ, ತಣ್ಣಗಾದ ಕಾಫಿ ಬಿಸಿ ಮಾಡಿ ತರಲು ಎದ್ದು ಹೋದರು.

ಸ್ಕ್ಯಾನ್ ಆಯಿತು, ಆಪರೇಷನ್ನೂ ಆಯಿತು. ಮೂಗಿನೊಳಗಿಂದಲೇ ಹೋಗಿ ಗಡ್ಡೆ ತೆಗೆದರು. ಮಿದುಳಿನ ಆಪರೇಷನ್ ಎಂದು ಕೇಳಿ ಓಡಿಬಂದ ನೆಂಟರು, ಬೋಳುತಲೆ ಇರಬಹುದೆಂದು ಎದೆ ಗಟ್ಟಿ ಮಾಡಿಕೊಂಡಿದ್ದರು. ತಲೆತುಂಬ ಕೂದಲು ನೋಡಿ ಅವರಿಗೆ ಸ್ವಲ್ಪ ನಿರಾಸೆಯಾಯಿತು. ಪಕ್ಕದ ಮನೆಯವರು ಎಳನೀರು ತಂದು, ಥೈರಾಯ್ಡನ್ನೂ ಒಮ್ಮೆ ನೋಡಿಸಿಬಿಡಿ ಎಂದು ಹೇಳಿ ಹೋದರು. ಪಕ್ಕದ ನೋಟ ನಿಧಾನವಾಗಿ ಬಂತು, ಬಲಗಡೆ ಪೂರ್ತಿ, ಎಡಗಡೆ ಮುಕ್ಕಾಲು. ಕತ್ತರಿ ಕಳೆಯುವುದು ನಿಂತಿತು. ಮೂಳೆ ಬೆಳೆದದ್ದು ಬೆಳೆದದ್ದೇ, ಊತ ಮಾತ್ರ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು, ಹಾಗೆಯೇ ಆಯಿತು. ಮಾತ್ರೆ, ರಕ್ತ ಪರೀಕ್ಷೆ ಇನ್ನೂ ಇವೆ. ದೊಡ್ಡ ಹಿಡಿಯ ಕತ್ತರಿ ಕೊಂಡುಕೊಂಡೆ. ಸಾಣೆಯವನು ಸಿಕ್ಕರೆ ಮಾತಾಡಿಸಬೇಕು.

ಆ ಹಳೆಯ ಗಿರಾಕಿ ಮತ್ತೆ ಬಂದರು. ಮುಖದ ಊತ ಇಳಿದಿತ್ತಲ್ಲ, ನೋಡಿದ ಕೂಡಲೆ, "ಇದೀರಲ್ಲ, ಸದ್ಯ. ಅವತ್ತು ನಿಮ್ಮಕ್ಕ ಇದ್ರು, ಬೋ ಗಟ್ಟಿ ಹೆಂಗಸು" ಎಂದರು. ಅವಳು ಊರಿಗೆ ಹೋದಳು ಎಂದೆ.

ಊತ ಇಳಿದ ಮೇಲೆ ಹೊಸ ಕಾಲುಂಗುರ ಮಾಡಿಸಲು ಅತ್ತೆಯೇ ಹೊರಡಿಸಿದರು. ಇಬ್ಬರೂ ನಜರ್‌ಬಾದಿಗೆ ಹೋದೆವು. ಬೆಳ್ಳಿ ಕೆಲಸದವರು ನನ್ನ ಬೆರಳಿಗೆ ದಾರ ಸುತ್ತಿ ಅಳತೆ ತೆಗೆದರು. ಬದುಕಿನಲ್ಲಿ ಮೊದಲ ಸಲ ನನ್ನ ಅಳತೆಯನ್ನು ನಾನೂ ಸರಿಯಾಗಿ ನೋಡಿದೆ. ತುಂಡಾದ ಹಳೆಯವನ್ನು ತಕ್ಕಡಿಗೆ ಹಾಕಿ, ಈ ಬೆರಳಿಗೆ ಇಷ್ಟು ಬೆಳ್ಳಿ ಸಾಲದು, ಮೇಲೆ ಸ್ವಲ್ಪ ಸೇರಿಸಬೇಕು ಎಂದರು.

ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿದರು. ಒಂದು ಜೊತೆ ಕಾಲುಂಗುರ, ಸವೆದು ತೆಳ್ಳಗಾದವು. ಯಾರವು ಎಂದು ನನಗೆ ತಿಳಿಯಿತು. ಮಾವ ಹೋದ ಮೇಲೆ ಹಳ್ಳಿಯ ಹೆಂಗಸರು ಅತ್ತೆಯ ಕಾಲಿನಿಂದ ತೆಗೆದವು. ಅಂಥ ಬೆಳ್ಳಿಯನ್ನು ಮುತ್ತೈದೆಯ ಕಾಲಿಗೆ ಹಾಕುವುದಿರಲಿ, ಅದರ ಪಕ್ಕ ಅರಿಸಿನದ ಬಟ್ಟಲು ಇಡುವುದಕ್ಕೂ ಅತ್ತೆಯ ಕಾನೂನು ಬಿಡುವುದಿಲ್ಲ. ಬೆಳ್ಳಿ ಕೆಲಸದವರಿಗೂ ತಿಳಿಯಿತು. ಅವರು ತೂಗದೆ ಅತ್ತೆಯ ಮುಖ ನೋಡಿದರು.

"ಎಲ್ಲಾ ಒಟ್ಗೆ ಕರಗ್ಸಿ" ಎಂದರು ಅತ್ತೆ.

ಈಗ ಅವು ನನ್ನ ಕಾಲಲ್ಲಿವೆ, ಯಾವುದು ನನ್ನದು ಯಾವುದು ಅವರದು ಎಂದು ಹೇಳಲಾಗುವುದಿಲ್ಲ. ಗಂಡ ಚೆನ್ನಾಗಿದ್ದಾರೆ. ದಟ್ಟಗಳ್ಳಿಯ ಮೂರನೇ ಮಹಡಿಗೆ ಹೋಗಿದ್ದಾರೆ, ಊಟಕ್ಕೆ ಬರುತ್ತಾರೆ.