ಮಾವನವರು ಬಾಯಿ ಬಿಡಲಿಲ್ಲ

ನಮ್ಮ ಮಾವ ಪಿಳ್ಳಪ್ಪನವರು ಯಾವುದಕ್ಕೂ ಅವಸರಪಡುವವರಲ್ಲ, ಹಲ್ಲುಜ್ಜುವುದೊಂದನ್ನು ಬಿಟ್ಟು. ಕಣ್ಣು ಬಿಟ್ಟ ಕೂಡಲೇ ಅದೇ ಮೊದಲ ಕೆಲಸ. ಬಾಯಿ ತೊಳೆಯದೆ ಒಂದು ಗುಟುಕು ನೀರೂ ಒಳಗೆ ಹೋಗುವಂತಿರಲಿಲ್ಲ. ಮನೆಯಲ್ಲಿ ಹಸುಗಳಿದ್ದ ಕಾಲದಲ್ಲಿ ಹಲ್ಲುಜ್ಜದೆ ಕೆಚ್ಚಲಿಗೂ ಕೈ ಹಾಕುತ್ತಿರಲಿಲ್ಲವಂತೆ. ಸಹಕಾರನಗರದ ಅಂಚಿನಲ್ಲಿದ್ದ ರಾಗಿ ಹೊಲ ಹೋಗಿ ಬಾಡಿಗೆ ಮನೆಗಳೆದ್ದವು, ಹೊಂಗೆ ಕಡ್ಡಿ ಹೋಗಿ ಕೆಂಪು ಹಲ್ಲುಪುಡಿ ಬಂತು, ಮಾವನವರ ಹೊತ್ತು ಮಾತ್ರ ಬದಲಾಗಲಿಲ್ಲ. ಅಂಗೈಗೆ ಪುಡಿ ಸುರಿದುಕೊಂಡು, ತೋರುಬೆರಳಲ್ಲಿ ಉಜ್ಜುತ್ತಾ ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ಒಂದು ಸುತ್ತು ಹೊಡೆಯುವರು. ಬಾಯಿ ಖಾಲಿಯಿಲ್ಲದಿದ್ದರೂ ಯಜಮಾನಿಕೆಗೆ ಕೊರತೆಯಿಲ್ಲ. ಕೈಸನ್ನೆಯಲ್ಲೇ ಬಾಡಿಗೆಯವರ ಬೈಕು ಪಕ್ಕಕ್ಕೆ ಹಾಕಿಸುವರು, ಟ್ಯಾಂಕು ತುಂಬಿದ್ದರೆ ಮೋಟರ್ ಆಫ್ ಮಾಡಿಸುವರು. ಕೊನೆಗೆ ಬಚ್ಚಲಲ್ಲಿ ಅವರು ಕ್ಯಾಕರಿಸುವ ಸದ್ದಿಗೆ ಮಲಗಿದ್ದವರೂ ಎದ್ದು ಕೂರುತ್ತಿದ್ದರು.

ನಾನು ವಿದ್ಯಾರಣ್ಯಪುರದವಳು. ಅಲ್ಲಿ ನಮ್ಮ ಮನೆಯಲ್ಲಿ ತಿಂಡಿ ಆದಮೇಲೇ ಹಲ್ಲುಜ್ಜುವುದು. ಮೊದಲೇ ಉಜ್ಜಿ, ಆಮೇಲೆ ತಿಂದು, ಬಾಯಿ ಮತ್ತೆ ಕೊಳೆ ಮಾಡಿಕೊಳ್ಳುವುದು ಯಾವ ಸೀಮೆಯ ಬುದ್ಧಿವಂತಿಕೆ ಎಂಬುದು ನನ್ನ ವಾದ. ಮದುವೆಯಾಗಿ ಬಂದ ಹೊಸದರಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ಮಾವ ಎದುರಿಗೆ ಬಂದು ನಿಂತರು.

“ಅಲ್ಲುಜ್ಜಿದ್ಯೇನಮ್ಮಾ ಸುಮಾ?”

“ಇಲ್ಲ ಮಾವ, ತಿಂಡಿ ಆದ್ಮೇಲೆ ಉಜ್ತೀನಿ.”

“ರಾತ್ರಿಯೆಲ್ಲ ಬಾಯಾಗಿದ್ದುದ್ನ ಕಾಪಿ ಜತ್ಗೆ ಒಳೀಕ್ ಕಳಿಸ್ತೀಯಾ? ಓಗು, ಮೊದ್ಲು ಮಕ ತೊಳ್ಕೊ.”

ಅಂದಿನಿಂದ ನಾನೂ ಎದ್ದ ಕೂಡಲೇ ಉಜ್ಜತೊಡಗಿದೆ. ವಾದ ಮಾತ್ರ ಬಿಡಲಿಲ್ಲ. ಹಲ್ಲಿನ ಡಾಕ್ಟರೊಬ್ಬರನ್ನು ಕೇಳಿದರೆ, ಎರಡೂ ಸರಿ, ಆದರೆ ತಿಂದ ಕೂಡಲೇ ಬೇಡ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ಎಂದರು. ತಾನೇ ಗೆದ್ದೆ ಎಂದು ಮಾವ ಬೀಗಿದರು, ನಾನೂ ಬೀಗಿದೆ.

ಹೋದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೆ ಹೋದವು. ಮಗ ಗೋಕುಲ್, ಎಂದರೆ ನನ್ನ ಗಂಡ, ಎದುರು ನಿಂತರೆ ಮನೆ ಬಾಡಿಗೆಗೆ ಕೇಳಲು ಬಂದವರನ್ನು ನೋಡುವಂತೆ ನೋಡುತ್ತಿದ್ದರು. ಅತ್ತೆ ಅಂಜಿನಮ್ಮನನ್ನೂ ಗುರುತಿಸಲಿಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿದ್ದರು. ಅದನ್ನು ಕಿತ್ತೆಸೆಯುತ್ತಾರೆಂದು ಆಡುತ್ತಿದ್ದ ಒಂದು ಕೈಯನ್ನೂ ಮಂಚಕ್ಕೆ ಕಟ್ಟಿದ್ದರು. ಅದನ್ನು ನೋಡಿ ಗೋಕುಲ್ ವರಾಂಡದಲ್ಲಿ ನಿಂತು ಗೊಳೋ ಎಂದು ಅತ್ತ. ಕೊನೆಗೆ ನುಂಗಲು ಬಂತು, ನಳಿಕೆ ತೆಗೆದರು, ಚಮಚದಲ್ಲಿ ಗಂಜಿ ಕುಡಿದರು, ಮನೆಗೆ ಕರೆತಂದೆವು.

ಮನೆಗೆ ಬಂದವರು ಬಾಯಿಗೆ ಬೀಗ ಜಡಿದುಬಿಟ್ಟರು. ನೋಡಿಕೊಳ್ಳಲು ಬಂದ ಅಫ್ರೀನ್ ಒಳ್ಳೆಯ ಹುಡುಗಿ, ಕೆಲಸ ಕಲಿತವಳು. “ಅಕ್ಕಾ, ತಿಂದಾದ್ಮೇಲೇ ಬ್ರಷ್ ಮಾಡಿಸ್ಬೇಕು. ಬಾಯಲ್ಲಿ ತುಣುಕು ಉಳಿದ್ರೆ ಎದೆಗೆ ಇಳಿಯುತ್ತೆ” ಎಂದಳು. ನನ್ನ ಪಾರ್ಟಿಗೆ ಕೊನೆಗೂ ಒಬ್ಬಳು ಸಿಕ್ಕಳೆಂದು ಖುಷಿಯಾಗಿತ್ತು. ಆದರೆ ಚಮಚ ತುಟಿಗೆ ತಾಗಿದರೆ ಸಾಕು, ಮಾವ ಹಲ್ಲು ಕಚ್ಚಿ ಮುಖ ತಿರುಗಿಸುವರು. ತಿನ್ನಲಿಲ್ಲವಾದ್ದರಿಂದ ಬ್ರಷ್ಷೂ ಆಗಲಿಲ್ಲ. ಮರುದಿನವೂ ಅದೇ ಕತೆ. ಅತ್ತೆ ದೇವಸ್ಥಾನದಿಂದ ತೀರ್ಥ ತಂದರು. ಅದಕ್ಕೂ ಬಾಯಿ ಬಿಡಲಿಲ್ಲ.

“ದೇವ್ರ ತೀರ್ಥಾನೂ ಬ್ಯಾಡ ಅಂದ್ರಲ್ಲಮ್ಮಾ. ಓಗೋಕೆ ಮನ್ಸು ಮಾಡವ್ರೆ” ಎಂದು ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾವೂ ಹಾಗೆಯೇ ನಂಬಿದೆವು. ಬೆಳಗ್ಗೆಯೂ ತಿನ್ನದಿದ್ದರೆ ಕರೆತನ್ನಿ, ಮತ್ತೆ ನಳಿಕೆ ಹಾಕಲೇಬೇಕು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಮತ್ತೆ ಆ ಕೈ ಕಟ್ಟುತ್ತಾರೆ ಎಂದು ನೆನೆದೇ ಗೋಕುಲ್ ಕಂಗಾಲಾದ.

ಬೆಳಗ್ಗೆ ಆಸ್ಪತ್ರೆಗೆ ಹೊರಡಲು ಬೇಗ ಎದ್ದು ಹಲ್ಲುಜ್ಜುತ್ತಿದ್ದೆ. “ಅಕ್ಕಾ, ಬೇಗ ಬನ್ನಿ, ತಾತ ಜಾರ್ತಿದಾರೆ!” ಎಂದು ಅಫ್ರೀನ್ ಕೂಗಿದಳು. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿದೆ. ಇಬ್ಬರೂ ಸೇರಿ ಅವರನ್ನು ಎತ್ತಿ ದಿಂಬಿಗೆ ಒರಗಿಸಿದೆವು. ಮಾವ ನನ್ನ ಬಾಯನ್ನೇ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಎಡಗೈ ಮೇಲೆದ್ದಿತು. ತೋರುಬೆರಳು ಮುಚ್ಚಿದ ತುಟಿಯ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿತು.

ಆಗ ನನಗೆ ಹೊಳೆಯಿತು. ಆಸ್ಪತ್ರೆಯಲ್ಲಿ ನಸುಕಿಗೇ ನರ್ಸಮ್ಮ ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸುತ್ತಿದ್ದರು, ಗಂಜಿ ಆಮೇಲೆ. ನಾವು ಇಲ್ಲಿ ಹಲ್ಲುಜ್ಜದ ಬಾಯಿಗೆ ತೀರ್ಥ ಹಿಡಿದಿದ್ದೆವು!

“ಅಫ್ರೀನ್, ಗಂಜಿ ಅಲ್ಲಿಡು. ಮೊದ್ಲು ಹಲ್ಲುಪುಡಿ ಕೊಡು” ಎಂದೆ.

ಅಫ್ರೀನ್ ಅವರ ತಲೆಯನ್ನು ಮುಂದಕ್ಕೆ ಬಾಗಿಸಿ ಹಿಡಿದಳು. ನಾನು ಅಂಗೈ ಮೇಲೆ ಚಿಟಿಕೆ ಪುಡಿ ಹಾಕಿಕೊಂಡು ಮುಂದೆ ಹಿಡಿದೆ. ಎಡಗೈ ಬೆರಳು ಪುಡಿ ಅದ್ದಿಕೊಂಡಿತು. ಎರಡು ದಿನದಿಂದ ಜಪ್ಪಯ್ಯ ಎಂದರೂ ತೆರೆಯದಿದ್ದ ಬಾಯಿ ತಾನಾಗಿ ತೆರೆಯಿತು. ಮೇಲಿನ ಹಲ್ಲು, ಕೆಳಗಿನ ಹಲ್ಲು, ಒಳಬದಿ, ನಾಲಗೆ, ಒಂದೂ ತಪ್ಪಲಿಲ್ಲ. ಅತ್ತೆ ಬಾಗಿಲಲ್ಲಿ ಕಂಬದಂತೆ ನಿಂತುಬಿಟ್ಟರು. ಹೆತ್ತ ಮಗನ ಹೆಸರು ಅಳಿಸಿಹೋದ ತಲೆಯಲ್ಲಿ, ಕಟ್ಟಿಕೊಂಡ ಹೆಂಡತಿಯ ಮುಖ ಅಳಿಸಿಹೋದ ತಲೆಯಲ್ಲಿ ಇದು ಎಲ್ಲಿ ಉಳಿದಿತ್ತು? ಹಸಿವನ್ನೂ ಎದುರು ಹಾಕಿಕೊಂಡು ಹೇಗೆ ಉಳಿದಿತ್ತು? ಮನುಷ್ಯ ಎಂಥ ಆಶ್ಚರ್ಯ ಎಂದು ಅವತ್ತು ನನಗೆ ಭಯವೇ ಆಯಿತು.

ಒದ್ದೆ ಬಟ್ಟೆಯಲ್ಲಿ ಅಫ್ರೀನ್ ಬಾಯಿ ಒರೆಸಿದಳು. ನಾನು ಗಂಜಿಯ ಚಮಚ ಎತ್ತಿದೆ. ಅವರು ಎಡಗೈ ಅಡ್ಡ ಹಿಡಿದು ತಡೆದರು. ಮತ್ತೆ ನಳಿಕೆಯೇ ಗತಿ ಎಂದುಕೊಂಡೆ. ಆ ಎಡಗೈ ಪಕ್ಕದಲ್ಲಿ ಬಿದ್ದಿದ್ದ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ನಿಧಾನವಾಗಿ ಎದೆಯ ಮೇಲಕ್ಕೆ ಎಳೆದು ತಂದಿತು. ಎರಡು ಅಂಗೈಗಳನ್ನೂ ಜೋಡಿಸಿ, ಕಿಟಕಿಯಲ್ಲಿ ಬೀಳುತ್ತಿದ್ದ ಬಿಸಿಲಿಗೆ ಕೈ ಮುಗಿದರು.

ಆಮೇಲೆ ನನ್ನ ಕಡೆ ತಿರುಗಿ ಬಾಯಿ ಬಿಟ್ಟರು.